ಹಾಡು ಯಾರದೆಂದು ಕೇಳಿರಲಿಲ್ಲ

ಆ ಮಂಗಳವಾರ ಸಂಜೆ ಮೈಕನ್ನು ನಾನೇ ಅವರ ಕೈಯಿಂದ ಕಿತ್ತುಕೊಂಡೆ. 'ಕಿತ್ತುಕೊಂಡೆ' ಎಂದು ಒಪ್ಪಿಕೊಳ್ಳಲು ನನಗೆ ಬಹಳ ದಿನ ಹಿಡಿಯಿತು. ಮೊದಮೊದಲು ಕೇಳಿದವರಿಗೆಲ್ಲ 'ತೆಗೆದುಕೊಂಡೆ' ಎಂದೇ ಹೇಳುತ್ತಿದ್ದೆ.

ಬೆಳಗಾವಿಯ ಖಾಸಬಾಗದ ಮಾರ್ಕೆಟ್ಟಿನ ಹಿಂದಿನ ರಸ್ತೆಯಲ್ಲಿ ನನ್ನ ಕಾಲೇಜು ದಿನಗಳ ಗೆಳೆಯನೊಬ್ಬನ ಬಾರು ಇದೆ. ಮೊದಲ ಮಹಡಿಯಲ್ಲಿ ಎಂಟೇ ಎಂಟು ಮೇಜು. ಮಂಗಳವಾರ ಗಿರಾಕಿಗಳು ಬರುವುದಿಲ್ಲವೆಂದು ಅವನು ತಿಂಗಳಿಗೊಂದು ಮಂಗಳವಾರ ಓಪನ್ ಮೈಕ್ ಶುರು ಮಾಡಿದ. ಸಂಜೆ ಐದೂವರೆಯಿಂದ ಎಂಟರವರೆಗೆ ಯಾರು ಬೇಕಾದರೂ ಬಂದು ಹಾಡಬಹುದು, ಕವಿತೆ ಓದಬಹುದು, ಜನರನ್ನು ನಗಿಸಬಹುದು. ಕನ್ನಡವೋ ಮರಾಠಿಯೋ ಹಿಂದಿಯೋ, ಯಾವ ಭಾಷೆಯಾದರೂ ಸರಿ. ಷರತ್ತು ಒಂದೇ: ಅದು ಅವರ ಸ್ವಂತ ರಚನೆಯಾಗಿರಬೇಕು.

ಕಾರ್ಯಕ್ರಮ ನಡೆಸುವ ಕೆಲಸವನ್ನು ಅವನು ನನಗೆ ವಹಿಸಿದ್ದ. ನಾನು ಒಂದು ಪಿಯು ಕಾಲೇಜಿನಲ್ಲಿ ಕನ್ನಡ ಕಲಿಸುತ್ತೇನೆ. ಜಾನಪದದಲ್ಲಿ ಎಂ.ಎ. ಮಾಡಿದ್ದೇನೆ. ಮಹಾಂತೇಶ ನಗರದಲ್ಲಿ ಬಾಡಿಗೆ ಮನೆ ಹಿಡಿದು ಒಬ್ಬಳೇ ಇದ್ದೇನೆ. ನಮ್ಮದು ದೇಸೂರಿನ ಜೈನ ಒಕ್ಕಲು ಮನೆತನ. ಊರಲ್ಲಿ ನಮ್ಮ ಅಡುಗೆಮನೆಗೆ ಉಳ್ಳಾಗಡ್ಡಿಯೂ ಬರುವುದಿಲ್ಲ. ಮಗಳು ತಿಂಗಳಿಗೊಂದು ಸಂಜೆ ಬಾರಿನಲ್ಲಿ ಮೈಕು ಹಿಡಿದು ನಿಲ್ಲುತ್ತಾಳೆಂದು ಅವ್ವನಿಗೆ ಗೊತ್ತಿರಲಿಲ್ಲ. ನಾನು ಅಲ್ಲಿ ಕುಡಿಯುತ್ತಿದ್ದದ್ದು ನಿಂಬೆ ಸೋಡಾ ಮಾತ್ರ. ಆದರೂ ಹೇಳುವ ಧೈರ್ಯ ಆಗಿರಲಿಲ್ಲ.

ಹಿಂದಿನ ತಿಂಗಳು ಅಲ್ಲಿ ಜಗಳವಾಗಿತ್ತು. ಒಬ್ಬ ಹುಡುಗ ತನ್ನದೆಂದು ಹಾಡಿದ ಹಾಡು ಬೇರೆಯವನದಾಗಿತ್ತು. ನಿಜವಾಗಿ ಅದನ್ನು ಬರೆದವನ ಗೆಳೆಯರು ಮುಂದಿನ ಮೇಜಿನಲ್ಲೇ ಕುಳಿತಿದ್ದರು. ಕುರ್ಚಿ ಮುರಿಯಿತು, ಅಕ್ಕಪಕ್ಕದವರು ಪೊಲೀಸರಿಗೆ ಫೋನ್ ಮಾಡಿದರು. ಗೆಳೆಯ ನನ್ನನ್ನು ಕೌಂಟರಿನ ಹಿಂದೆ ಕರೆದು ಹೇಳಿದ: "ಇನ್ನೊಂದ್ ಸಲ ಹಿಂಗಾದ್ರ ಬಂದ್ ಮಾಡ್ತೀನಿ ನೋಡು. ಲೈಸೆನ್ಸು ನನ್ನ ಹೆಸರಿನ್ಯಾಗ ಐತಿ, ನಿನ್ನ ಹೆಸರಿನ್ಯಾಗಲ್ಲ."

ಅದಕ್ಕೇ ಈ ಸಲ ನಾನು ಒಂದು ಫಾರ್ಮು ಮಾಡಿದ್ದೆ. 'ಇದು ನನ್ನ ಸ್ವಂತ ರಚನೆ' ಎಂದು ಬರೆದು ಸಹಿ ಹಾಕಿದವರಿಗಷ್ಟೇ ಮೈಕು. ಹಿಂದಿನ ತಿಂಗಳು ಕುರ್ಚಿ ಮುರಿದ ಹುಡುಗರು ಮತ್ತೆ ಬಂದು ಮುಂದಿನ ಮೇಜನ್ನೇ ಹಿಡಿದಿದ್ದರು.

ನಾನು ಮೈಕು ಕಿತ್ತುಕೊಂಡೆ ಎಂದೆನಲ್ಲ, ಅವರು ಬಂದದ್ದು ಆರು ಗಂಟೆಗೆ. ಐವತ್ತೆಂಟರ ಆಸುಪಾಸಿನ ಮನುಷ್ಯ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಪೆನ್ನು, ಎಣ್ಣೆ ಹಚ್ಚಿ ಬಾಚಿದ ತಲೆ. ಜೊತೆಗೆ ಮಗಳು; ಬೆಳಗಾವಿಯ ಆಸ್ಪತ್ರೆಯೊಂದರಲ್ಲಿ ನರ್ಸ್. ಪೋಸ್ಟರು ನೋಡಿ ಅಪ್ಪನ ಹೆಸರು ಹಚ್ಚಿದವಳು ಅವಳೇ. ಅವರು ಫಾರ್ಮನ್ನು ಎರಡು ಸಲ ಓದಿ, ಪೂರ್ತಿ ಹೆಸರು ಬರೆದು ಸಹಿ ಮಾಡಿದರು.

"ನಿಂತು ಹಾಡಬೇಕೋ, ಕುಂತು ಹಾಡಬೇಕೋ ರೀ?" ಎಂದು ಕೇಳಿದರು.

"ಹ್ಯಾಂಗ ಅನಸ್ತೈತಿ ಹಂಗ ಹಾಡ್ರಿ," ಎಂದೆ.

ಅವರು ನಿಂತರು. "ನಮ್ಮದು ಖಾನಾಪುರ. ಆಫೀಸಿನ್ಯಾಗ ಸಿಪಾಯಿ ಅದೀನಿ. ಇದು ನಾ ಸಣ್ಣಾವಿದ್ದಾಗ ಕಟ್ಟಿದ ಹಾಡು," ಎಂದು ಹೇಳಿ ಕಣ್ಣು ಮುಚ್ಚಿದರು.

ಕೆಂಚಿ ಬಂದ್ಳ, ಬೊಳ್ಳಿ ಬಂದ್ಳ, ಕರಿಕಿವಿ ಬಂದ್ಳಲ್ಲ,
ಹೊತ್ತ ಮುಣಗಿ ಮಬ್ಬ ಆದ್ರೂ ಚುಕ್ಕಿ ಬರಲಿಲ್ಲ.

ಈ ಹಾಡು ನನಗೆ ಬಾಯಿಪಾಠ. ಎಂ.ಎ. ಪ್ರಬಂಧಕ್ಕಾಗಿ ದೇಸೂರಿನ ಹೆಣ್ಣುಮಕ್ಕಳ ಹೊಲದ ಹಾಡುಗಳನ್ನು ನಾನೇ ಕೂಡಿಸಿದ್ದೆ. ಅದರಲ್ಲಿ ಹನ್ನೊಂದನೆಯ ಹಾಡು ಇದು. ಸಂಜೆ ಮನೆಗೆ ಬಂದ ಹೆಣ್ಣುಮಕ್ಕಳನ್ನು ತಾಯಿ ಹೆಸರು ಹಿಡಿದು ಎಣಿಸುತ್ತಾಳೆ, ಒಬ್ಬಳು ಮಾತ್ರ ಬಂದಿಲ್ಲ. ಅದರಲ್ಲೂ ಈ ಮನುಷ್ಯ ಮಾತನ್ನೇ ತಪ್ಪು ಹಾಡುತ್ತಿದ್ದರು. ಅದು 'ಕರಿಕಿವಿ' ಅಲ್ಲ, 'ಕರಿಯವ್ವ'. ಯಾರದೋ ಬಾಯಲ್ಲಿ ಅರೆಬರೆ ಕೇಳಿ ಎತ್ತಿಕೊಂಡಿದ್ದಾರೆ ಎಂದು ನನಗೆ ಖಾತ್ರಿಯಾಯಿತು. ಮುಂದಿನ ಮೇಜಿನ ಹುಡುಗರತ್ತ ನೋಡಿದೆ. ಇವರಿಗೆ ಗೊತ್ತಾಗುವ ಮೊದಲೇ ನಾನು ನಿಲ್ಲಿಸಬೇಕು ಎಂದುಕೊಂಡೆ.

ಎರಡು ನುಡಿ ಮುಗಿಸಿ ಮೂರನೆಯದಕ್ಕೆ ಅವರು ಉಸಿರೆಳೆದುಕೊಂಡಾಗ ಎದ್ದು ಹೋದೆ.

"ಒಂದು ನಿಮಿಷ. ಇದು ನಿಮ್ಮದೇನ್ರಿ?"

"ಹೌದ್ರಿ."

"ಇದು ದೇಸೂರ ಹೆಣ್ಣಮಕ್ಕಳು ಹೊಲದಾಗ ಹಾಡೂ ಹಾಡು. ನಾ ಎಂ.ಎ.ದಾಗ ಇದರ ಮ್ಯಾಲ ಬರದೀನಿ."

ಅವರು ಸ್ವಲ್ಪ ಯೋಚಿಸಿದರು. "ಹಾಡತಿದ್ರು ರೀ, ಖರೇ. ಅವರು ಹಾಡತಿದ್ರು. ಕಟ್ಟಿದ್ದು ನಾ."

ಮುಂದಿನ ಮೇಜಿನಿಂದ ಒಬ್ಬ ಕೂಗಿದ: "ಕಾಕಾ, ರಾಷ್ಟ್ರಗೀತಾನೂ ನೀವ ಬರದಿರೇನು?"

ಇಡೀ ಬಾರು ನಕ್ಕಿತು. ನಾನೂ ನಕ್ಕೆ. ಅವರು ನಗುವವರನ್ನೆಲ್ಲ ಒಂದು ಸುತ್ತು ನೋಡಿ ನನ್ನತ್ತ ತಿರುಗಿದರು. "ಇನ್ನೂ ನುಡಿ ಅದಾವ್ರಿ. ಪೂರಾ ಕೇಳ್ರಿ, ಆಮ್ಯಾಲ ಹೇಳ್ರಿ," ಎಂದು ಮೈಕನ್ನು ಬಾಯಿಯ ಹತ್ತಿರ ತಂದರು. ಆಗಲೇ ನಾನು ಅದನ್ನು ಕಿತ್ತುಕೊಂಡದ್ದು.

ಮಗಳು ಹಿಂದಿನ ಮೇಜಿನಿಂದ ಎದ್ದು ಬಂದಳು. "ಮೇಡಂ, ನಮ್ಮಪ್ಪ ಸುಳ್ಳ ಹೇಳಾವ್ರಲ್ಲ."

"ನಾ ಸುಳ್ಳ ಅಂದಿಲ್ಲವಾ. ನಿಯಮ ಅಂದ್ರ ನಿಯಮ."

"ನಡಿ ಬೇ," ಎಂದರು ಅವರು ಮಗಳಿಗೆ. ಮೆಟ್ಟಿಲು ಇಳಿಯುವಾಗ ಕೈ ಗೋಡೆಗೆ ಹಿಡಿದುಕೊಂಡಿದ್ದರು. ಮುಂದಿನ ಹೆಸರನ್ನು ನಾನು ಕೂಗಿದೆ. ಗೆಳೆಯ ಕೌಂಟರಿನಿಂದ ಹೆಬ್ಬೆರಳು ಎತ್ತಿ ತೋರಿಸಿದ. ಸತ್ಯ ಹೇಳಬೇಕೆಂದರೆ ಆಗ ನನಗೆ ಹಗುರವೇ ಅನಿಸಿತು.

ಆ ಹುಡುಗರಲ್ಲಿ ಒಬ್ಬ ಎಲ್ಲವನ್ನೂ ಫೋನಿನಲ್ಲಿ ಹಿಡಿದಿದ್ದ. ಬುಧವಾರ ಬೆಳಿಗ್ಗೆ ಅದು 'ಹಾಡುಗಳ್ಳ' ಎಂಬ ಹೆಸರಿನಲ್ಲಿ ಹರಿದಾಡತೊಡಗಿತು. ಕಾಲೇಜಿನ ಹುಡುಗಿಯರು ನೋಡಿದ್ದರು. ಸ್ಟಾಫ್ ರೂಮಿನಲ್ಲಿ ಸಹೋದ್ಯೋಗಿಯೊಬ್ಬರು, "ಛಲೋ ಹಿಡದ್ರಿ ಬಿಡ್ರಿ," ಎಂದರು. ನಾನು ಚಹಾ ಕುಡಿಯುತ್ತ, ಜಾನಪದವನ್ನು ಜನ ಹೇಗೆ ಸ್ವಂತಕ್ಕೆ ಮಾಡಿಕೊಳ್ಳುತ್ತಾರೆಂದು ಅವರಿಗೆ ವಿವರಿಸಿದೆ.

ಶುಕ್ರವಾರ ಮಧ್ಯಾಹ್ನ ಫೋನು ಬಂತು.

"ನಾ ಖಾನಾಪುರದವರ ಮಗಳು ರೀ. ಮಂಗಳವಾರ ಬಂದಿದ್ನೆಲ್ಲ." ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಆಸ್ಪತ್ರೆಯಲ್ಲಿ ರೋಗಿಯ ಮನೆಯವರ ಜೊತೆ ಮಾತಾಡುವ ಹಾಗೆ ಒಂದೊಂದೇ ಮಾತು ಬಿಡಿಸಿ ಹೇಳುತ್ತಿದ್ದಳು. "ಅಪ್ಪ ಎರಡು ದಿನ ಆತು ಆಫೀಸಿಗೆ ಹೋಗಿಲ್ಲ. ಅಲ್ಲಿ ಅವರನ್ನ ಕಂಡ್ರ ಮಂದಿ ಆ ಹಾಡು ಹಾಡಿ ನಗತಾರಂತ. ಯಾರೋ ಅವರ ಕುರ್ಚಿ ಮ್ಯಾಲ ಚಾಕ್‌ಪೀಸಿಲೆ ಆ ಹೆಸರು ಬರದಿದ್ರಂತ. ಊಟ ಬಿಟ್ಟಾರ. ನಾ ನಿಮ್ಮ ಜೋಡಿ ಜಗಳಾಡಾಕ ಫೋನ್ ಮಾಡಿಲ್ಲ. ಆ ಹಾಡು ಅಪ್ಪಂದಲ್ಲ ಅಂತ ನಿಮಗ ಹ್ಯಾಂಗ ಗೊತ್ತಾತು, ಅಷ್ಟು ಹೇಳ್ರಿ."

"ನನ್ನ ಪ್ರಬಂಧದಾಗ ಐತಿ."

"ಪ್ರಬಂಧಕ್ಕ ಯಾರ ಕಡಿಂದ ಬಂತ್ರಿ?"

"ನಮ್ಮವ್ವನ ಕಡಿಂದ. ಅವ್ವ ಹಾಡಿದ್ಲು, ನಾ ಬರಕೊಂಡೆ."

"ನಿಮ್ಮವ್ವ ಯಾರ ಕಡೆ ಕಲತ್ರು?"

"ಹಿಂದಿನಿಂದ ಬಂದದ್ದು," ಎಂದೆ. ಆ ಮಾತು ನನಗೇ ಟೊಳ್ಳಾಗಿ ಕೇಳಿಸಿತು.

"ಕೇಳಿ ನೋಡ್ರಿ," ಎಂದು ಅವಳು ಫೋನಿಟ್ಟಳು.

ಮನೆಗೆ ಹೋಗಿ ಪ್ರಬಂಧ ತೆಗೆದೆ. ಹನ್ನೊಂದನೆಯ ಹಾಡಿನ ಕೆಳಗೆ ನನ್ನದೇ ಟಿಪ್ಪಣಿ: 'ಹೇಳಿದವರು: ತಾಯಿ. ಕರ್ತೃ: ಅಜ್ಞಾತ.' ಮುಂದೆ ಮೂರು ಪುಟ ವಿಶ್ಲೇಷಣೆ. ಬಾರದ ಚುಕ್ಕಿ ತವರಿಗೆ ಬರಲಾಗದ ಮಗಳ ಪ್ರತೀಕ ಎಂದು ಬರೆದಿದ್ದೆ. ಆ ಮೂರು ಪುಟಕ್ಕೆ ನನ್ನ ಗೈಡು ಮಾರ್ಜಿನ್ನಿನಲ್ಲಿ 'ಉತ್ತಮ' ಎಂದಿದ್ದರು.

ಶನಿವಾರ ಅರ್ಧ ದಿನದ ಕಾಲೇಜು ಮುಗಿಸಿ ದೇಸೂರಿಗೆ ಹೋದೆ. ಅವ್ವ ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಹೊತ್ತು ಮುಳುಗುವ ಮೊದಲು ಊಟ ಮುಗಿಸುವವಳು, ನನಗೂ ಆಗಲೇ ತಾಟು ಹಾಕಲು ಎದ್ದಳು. ನಾನು ತಡೆದು, "ಚುಕ್ಕಿ ಬರಲಿಲ್ಲ ಅಂತ ಒಂದು ಹಾಡೈತೆಲ್ಲ, ಅದು ಯಾರದವ್ವಾ?" ಎಂದು ಕೇಳಿದೆ.

"ಯಾಕ, ಈಗ್ಯಾಕ ಕೇಳ್ತಿ?"

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಬಾರು, ಮೈಕು, ವಿಡಿಯೊ ಎಲ್ಲವನ್ನೂ ಹೇಳಿದೆ. ಅವ್ವನ ಕೈ ಮೊರದಲ್ಲೇ ನಿಂತಿತು.

"ಬಾರಿನ್ಯಾಗ?"

"ಹೂಂ."

"ಆಂವ ಕುಡದಿದ್ನೇನು?"

"ಇಲ್ಲ."

"ನೀ?"

"ಇಲ್ಲವ್ವ. ನಾ ಎಂದೂ ಕುಡಿದಿಲ್ಲ."

"ಅಂದ್ರ ಶುದ್ಧಿ ಇದ್ದಾಗನ ಮೈಕ ಕಸಗೊಂಡಿ." ಮೊರವನ್ನು ಬದಿಗೆ ಸರಿಸಿದಳು. ಆಮೇಲೆ, "ತೋರಸು ಆ ವಿಡಿಯೊ," ಎಂದಳು.

ಚಾಳೀಸು ಹಾಕಿಕೊಂಡು ಫೋನನ್ನು ಮುಖಕ್ಕೆ ಹತ್ತಿರ ಹಿಡಿದು ಮೂರು ಸಲ ನೋಡಿದಳು. ಮೂರನೆಯ ಸಲ ಪರದೆಯ ಮೇಲೆ ಬೆರಳಿಟ್ಟಳು. "ಇವನ. ಆ ಕುರಿ ಹುಡುಗ. ಕೂದಲ ಬೆಳ್ಳಗಾಗ್ಯಾವ, ನಿಂದರೂದು ಹಂಗ ಐತಿ."

ಅವ್ವನೇ ಹೇಳಿದಳು. ಅವಳು ಆ ಮನೆಗೆ ಸೊಸೆಯಾಗಿ ಬಂದ ವರ್ಷ. ಭತ್ತ ಕೊಯ್ದ ಗದ್ದೆಗಳಲ್ಲಿ ಗೊಬ್ಬರವಾಗಲಿ ಎಂದು ಕುರಿಯವರನ್ನು ಕರೆಸಿ ಹಿಂಡು ಕೂಡಿಸುತ್ತಿದ್ದರು. ಒಬ್ಬ ತಂದೆ, ಒಬ್ಬ ಮಗ. ಮಗನಿಗೆ ಹದಿನೇಳು ಹದಿನೆಂಟು. ನಮ್ಮ ಹೊಲ ರೈಲು ಹಳಿಯ ಪಕ್ಕದಲ್ಲಿದೆ. ಒಂದು ಸಂಜೆ ಹಿಂಡು ಹಳಿ ದಾಟುವಾಗ ಹಿಂದೆ ಉಳಿದ ಗಬ್ಬದ ಕುರಿ ರೈಲಿಗೆ ಸಿಕ್ಕಿತು. ಅದಕ್ಕೆ ಚುಕ್ಕಿ ಎಂದು ಹೆಸರು. ಅದಾದ ಮೇಲೆ ಆ ಹುಡುಗ ದಿನಾಲೂ ಸಂಜೆ ಬದುವಿನ ಮೇಲೆ ಕುಳಿತು ಹಾಡುತ್ತಿದ್ದ. ಪಕ್ಕದ ಹೊಲದಲ್ಲಿ ಮಸೂರಿ ಬೇಳೆಯ ಗಿಡ ಕೀಳುತ್ತಿದ್ದ ಹೆಂಗಸರು ಕೇಳಿ ಕೇಳಿ ಕಲಿತರು.

"ಹಂಗಾದ್ರ ಚುಕ್ಕಿ ಹುಡುಗಿ ಅಲ್ಲ?"

"ಹುಡುಗಿ ಯಾಕಾಗತಾಳ? ಕುರಿ. ಕೆಂಚಿ, ಬೊಳ್ಳಿ ಎಲ್ಲಾ ಕುರೀನ."

"ಮತ್ತ ನನಗ ಯಾಕ ಹೇಳಲಿಲ್ಲ?"

ಅವ್ವ ಚಾಳೀಸು ತೆಗೆದಳು. "ನೀ ಹಾಡು ಹೇಳು ಅಂದಿ, ಹೇಳಿದೆ. ಯಾರದು ಅಂತ ನೀ ಕೇಳಲಿಲ್ಲ."

ಆ ಸಂಜೆ ಅವ್ವ ಬಡಿಸಿದ್ದು ನನಗೆ ಸೇರಲಿಲ್ಲ. ಬಾರಿನ ಬಗ್ಗೆ ಅವಳು ಮತ್ತೆ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನಿಸಿತು. ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಅವಳು ಬಸದಿಗೆ ಹೋಗಿ ಬಂದು, ಸೀರೆ ಬದಲಿಸಿ, ಚೀಲ ಹಿಡಿದು ಕುಳಿತಿದ್ದಳು. "ಖಾನಾಪುರಕ್ಕ ಹೋಗೂಣು ನಡಿ. ನೀ ಒಬ್ಬಾಕಿ ಹೋದ್ರ ಅವರು ಬಾಗಲಾ ತಗಿಯೂದಿಲ್ಲ."

ನರ್ಸ್ ಹುಡುಗಿಗೆ ಫೋನ್ ಮಾಡಿ ವಿಳಾಸ ಕೇಳಿದೆ. ಅವಳು ಹೇಳಿದಳು, ಆದರೆ ಬನ್ನಿ ಎನ್ನಲಿಲ್ಲ. ಬಸ್ಸಿನಲ್ಲಿ ಅವ್ವ ಕಿಟಕಿಯ ಹೊರಗೇ ನೋಡುತ್ತಿದ್ದಳು. ನಾನು ಏನು ಹೇಳಬೇಕೆಂದು ಮನಸ್ಸಿನಲ್ಲಿ ವಾಕ್ಯ ಜೋಡಿಸುತ್ತಿದ್ದೆ. ಜೋಡಿಸಿದ್ದೆಲ್ಲ ತರಗತಿಯ ಪಾಠದ ಹಾಗೆ ಕೇಳುತ್ತಿತ್ತು.

ಖಾನಾಪುರದ ಬಸ್ ನಿಲ್ದಾಣದಿಂದ ಹೊಳೆಯ ಕಡೆ ಇಳಿಯುವ ಓಣಿಯಲ್ಲಿ ಅವರ ಮನೆ. ಮಗಳು ಬಾಗಿಲಿಗೆ ಅಡ್ಡ ನಿಂತಳು. "ಅಪ್ಪ ಯಾರ ಜೋಡಿನೂ ಮಾತಾಡಂಗಿಲ್ಲ ಅಂದಾರ," ಎಂದಳು ನನ್ನ ಮುಖ ನೋಡದೆ.

ಅವ್ವ ನನ್ನನ್ನು ಪಕ್ಕಕ್ಕೆ ಸರಿಸಿದಳು. "ನಾ ದೇಸೂರಿನಾಕಿ. ಹಳಿ ಬಾಜೂಕಿನ ಹೊಲದವರು ಅಂತ ಹೇಳವಾ. ಬದುವಿನ ಮ್ಯಾಲ ಕುಂತಾಗ ಮಜ್ಜಿಗಿ ಕೊಡ್ತಿದ್ದ ಸೊಸಿ ಅಂತ ಹೇಳು."

ಹುಡುಗಿ ಒಳಗೆ ಹೋದಳು. ನಾವು ಬಿಸಿಲಲ್ಲಿ ನಿಂತೆವು. ಎದುರು ಮನೆಯ ಹೆಂಗಸು ನನ್ನನ್ನು ಗುರುತಿಸಿ ಒಳಗಿನವರಿಗೆ ಮರಾಠಿಯಲ್ಲಿ ಏನೋ ಹೇಳಿದಳು. 'ವಿಡಿಯೊ' ಎಂಬ ಒಂದು ಮಾತು ಸ್ಪಷ್ಟವಾಗಿ ಕೇಳಿಸಿತು. ಕೊನೆಗೆ ಅವರೇ ಹೊರಗೆ ಬಂದರು. ಬನಿಯನ್ನು, ಲುಂಗಿ, ನಾಲ್ಕು ದಿನದ ಗಡ್ಡ. ನನ್ನನ್ನು ನೋಡಲೇ ಇಲ್ಲ. ಅವ್ವನನ್ನು ಬಹಳ ಹೊತ್ತು ನೋಡಿದರು.

"ಮಜ್ಜಿಗೀಗೆ ಇಂಗಿನ ಒಗ್ಗರಣಿ ಹಾಕ್ತಿದ್ರಿ," ಎಂದರು.

"ಅದ ನಾನ."

"ಒಳಗ ಬರ್ರಿ. ಕುಂದರ್ರಿ."

ಆ 'ರೀ' ಅವ್ವನಿಗೆ. ನಾನೂ ಹಿಂದೆ ಹೋಗಿ ಗೋಡೆಗೆ ಒರಗಿ ನಿಂತೆ. ಅವ್ವ ಪೀಠಿಕೆ ಹಾಕಲಿಲ್ಲ. ಕುಳಿತವಳೇ ಸಣ್ಣ ದನಿಯಲ್ಲಿ ಹಾಡು ಎತ್ತಿದಳು. 'ಕೆಂಚಿ ಬಂದ್ಳ, ಬೊಳ್ಳಿ ಬಂದ್ಳ, ಕರಿಯವ್ವ ಬಂದ್ಳಲ್ಲ...'

"ಕರಿಯವ್ವ ಎಲ್ಲಿಂದ ಬಂದ್ಲು?" ಎಂದು ಅವರು ತಡೆದರು. "ಕರಿಕಿವಿ. ಅದರ ಒಂದು ಕಿವಿ ಕರೀದಿತ್ತು."

"ಗೊತ್ತೈತಪಾ. ನಮ್ಮ ಜೋಡಿ ಮಸೂರಿ ಕೀಳಾಕ ಒಬ್ಬಾಕಿ ಮುದುಕಿ ಬರ್ತಿದ್ಲು. ಆಕಿ ತನ್ನ ಮಗಳ ಹೆಸರು ಹಾಕಿಬಿಟ್ಲು. ಬ್ಯಾಡ ಅನ್ನೂದು ಹ್ಯಾಂಗ?"

"ಹಂಗ ಹಾಕಿದ್ರ ಕುರಿ ಯಾವುದು, ಮನಷ್ಯಾರು ಯಾರು?"

"ನಮಗ ನಡೀತಿತ್ತು."

"ನನಗ ನಡಿಯೂದಿಲ್ಲರಿ." ಅವರ ಧ್ವನಿ ಏರಿತು. "ಅವು ನನ್ನ ಕುರಿ. ಹೆಸರಿಟ್ಟಾಂವ ನಾ."

ಅವ್ವ ಸೋಲುವವಳಲ್ಲ. 'ಮಬ್ಬ ಆದ್ರೂ' ಎನ್ನುವುದಕ್ಕಿಂತ ತಾವು ಹಾಡುತ್ತಿದ್ದ 'ಕತ್ತಲಾದ್ರೂ' ಬಾಯಿಗೆ ಸರಳ ಎಂದಳು. ಅವರು ಒಪ್ಪಲಿಲ್ಲ. ಒಂದೊಂದು ಮಾತಿಗೂ ಇಬ್ಬರೂ ಜಗಳವಾಡುತ್ತ ನಾಲ್ಕನೆಯ ನುಡಿ ಮುಗಿಸಿದರು. ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಕಣ್ಣು ಒರೆಸಿಕೊಳ್ಳುತ್ತಿದ್ದಳು. ಅಪ್ಪ ನಾಲ್ಕು ದಿನದ ಮೇಲೆ ಇಷ್ಟು ಮಾತಾಡಿದ್ದರು.

ನನಗೆ ಇದೇ ಸಮಯ ಅನಿಸಿತು. ಮುಂದೆ ಬಂದು, "ನಂದು ತಪ್ಪಾತ್ರಿ," ಎಂದೆ. ಜೋಡಿಸಿಕೊಂಡು ಬಂದಿದ್ದ ಉಳಿದ ವಾಕ್ಯಗಳು ಬರಲಿಲ್ಲ.

ಅವರು ಮೊದಲ ಸಲ ನನ್ನತ್ತ ನೋಡಿದರು. "ಇಲ್ಲಿ ನಾವು ನಾಕ ಮಂದಿ ಅದೀವ್ರಿ ಮೇಡಂ. ನೀವು ತಪ್ಪಾತು ಅಂದದ್ದು ಈ ಓಣಿಗೂ ಕೇಳಸಂಗಿಲ್ಲ. ಅವತ್ತ ಮೈಕಿನ್ಯಾಗ ಹೇಳಿದ್ರಿ."

"ಮೈಕಿನ್ಯಾಗ ಹೇಳ್ತೀನಿ. ನೀವು ಬರ್ರಿ."

"ನಾ ಬರೂದು ನಾ ನೋಡ್ಕೋತೀನಿ. ನೀವು ಹೇಳೂದು ನೀವು ಹೇಳ್ರಿ."

ಅಂದೇ ಸಂಜೆ ಗೆಳೆಯನಿಗೆ ಹೇಳಿದೆ. ಅವನು ಸುತರಾಂ ಒಪ್ಪಲಿಲ್ಲ. ಆ ಹುಡುಗರು ಅವನ ಕಾಯಂ ಗಿರಾಕಿಗಳು. ಈಗ ಎಲ್ಲ ತಣ್ಣಗಾಗುತ್ತಿದೆ, ನೀನು ಮತ್ತೆ ಕೆದಕಿದರೆ ಅವರು ಹಗೆ ಸಾಧಿಸುತ್ತಾರೆ ಎಂದ. ಹಾಗಾದರೆ ಮುಂದಿನ ತಿಂಗಳಿಂದ ನಾನು ಬರುವುದಿಲ್ಲ ಎಂದೆ. ಎರಡು ದಿನ ಬಿಟ್ಟು ಅವನೇ ಫೋನ್ ಮಾಡಿದ: "ಎರಡ ನಿಮಿಷ. ಎಲ್ಲಕ್ಕೂ ಮೊದಲ. ಆಮ್ಯಾಲ ಆ ಮಾತು ಎತ್ತಬಾರದು." ವಿಡಿಯೊ ಹಾಕಿದ ಹುಡುಗನನ್ನೂ ಹುಡುಕಿ ಮಾತಾಡಿದೆ. ತೆಗೆಯುತ್ತೇನೆ ಎಂದ, ತೆಗೆದ ಕೂಡ. "ಆದ್ರ ಮೇಡಂ, ಈಗ ಅದು ಎಲ್ಲಾರ ಕಡೆ ಐತಿ," ಎಂದ. ನಿಜವಾಗಿತ್ತು.

ಅವರು ಆಫೀಸಿಗೆ ಹೋಗತೊಡಗಿದ್ದಾರೆಂದು ಮಗಳು ಹೇಳಿದಳು. ಕುರ್ಚಿಯ ಮೇಲೆ ಕೂಡುವುದಿಲ್ಲ, ದಿನವಿಡೀ ನಿಂತೇ ಇರುತ್ತಾರೆ ಎಂದೂ ಹೇಳಿದಳು. ಆ ಮೂರು ವಾರ ನನಗೆ ಪಾಠ ಮಾಡುವುದೂ ಕಷ್ಟವಾಯಿತು. ಯಾವ ಪದ್ಯ ತೆಗೆದರೂ 'ಇದನ್ನು ಬರೆದವರು' ಎಂದು ಶುರುಮಾಡಿ ತಡವರಿಸುತ್ತಿದ್ದೆ.

ಮುಂದಿನ ಓಪನ್ ಮೈಕಿನ ದಿನ ಬಾರು ಎಂದೂ ಇಲ್ಲದಷ್ಟು ತುಂಬಿತ್ತು. ವಿಡಿಯೊ ನೋಡಿದವರೇ ಹೆಚ್ಚು. ಏನಾದರೂ ನಡೆದೀತೆಂದು ಕಾಯುತ್ತಿದ್ದ ಮುಖಗಳು. ಐದೂವರೆ ಆಯಿತು. ಅವರು ಬರಲಿಲ್ಲ. ಆರಕ್ಕೆ ಹತ್ತು ನಿಮಿಷ ಇದ್ದಾಗ ಗೆಳೆಯ ಕೈಗಡಿಯಾರ ತಟ್ಟಿ ತೋರಿಸಿದ. ನಾನು ಮೈಕು ಹಿಡಿದೆ. ಅವರು ಬಂದರೂ ಬರದಿದ್ದರೂ ಹೇಳಲೇಬೇಕಿತ್ತು.

"ಹೋದ ತಿಂಗಳ ಇಲ್ಲಿ ಒಬ್ಬರ ಹಾಡನ್ನ ನಾ ನಡುವ ನಿಲ್ಲಿಸಿದ್ನಿ," ಎಂದು ಶುರು ಮಾಡುವಷ್ಟರಲ್ಲಿ ಮೆಟ್ಟಿಲ ಬಳಿ ಬಿಳಿ ಅಂಗಿ ಕಂಡಿತು. ಅವರು ಮಗಳ ಜೊತೆ ಬಾಗಿಲಲ್ಲೇ ನಿಂತರು. ನಾನು ನಿಲ್ಲಿಸದೆ ಹೇಳಿದೆ. ಹಾಡು ಅವರದೇ, ನನ್ನ ಪ್ರಬಂಧ ತಪ್ಪು, ನಾನು ವಿಚಾರಿಸದೆ ಅವರಿಗೆ ಅವಮಾನ ಮಾಡಿದೆ. ಬಾರಿನ ಮೆಟ್ಟಿಲು ಹತ್ತುವುದಿಲ್ಲ ಎಂದಿದ್ದ ಅವ್ವ, ತನ್ನ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸಿದ್ದಳು. ಫೋನನ್ನು ಮೈಕಿಗೆ ಹಿಡಿದೆ. "ಈ ಹಾಡು ಕಟ್ಟಿದಾಂವ ನಮ್ಮ ಹೊಲಕ್ಕ ಹಿಂಡು ತರತಿದ್ದ ಹುಡುಗ. ನಾ ಕಿವಿಲೆ ಕೇಳೀನಿ. ನನ್ನ ಮಗಳು ಹುಟ್ಟೂಕಿಂತ ಮೊದಲಿನ ಮಾತಿದು."

ಮುಂದಿನ ಮೇಜಿನ ಹುಡುಗ ಕೈ ಎತ್ತಿದ. "ಮೇಡಂ, ಇದು ಸ್ಕ್ರಿಪ್ಟ್ ಏನ್ರಿ? ನಮ್ಮನ್ನ ಫೂಲ್ ಮಾಡಾಕತ್ತೀರೇನು?"

ಕೆಲವರು ನಕ್ಕರು. ಹಿಂದಿನಿಂದ ಯಾರೋ ಸಿಳ್ಳೆ ಹಾಕಿದರು. ಆಗ ಬಾಗಿಲಲ್ಲಿ ನಿಂತಿದ್ದ ಅವರು ಮೇಜುಗಳ ನಡುವೆ ಹಾದು ಮುಂದೆ ಬಂದು ಕೈ ಚಾಚಿದರು. ನಾನು ಮೈಕು ಕೊಟ್ಟೆ.

"ಫೋನು ಕೆಳಗ ಇಡ್ರಿ," ಎಂದರು.

ಮೂರು ನಾಲ್ಕು ಮಂದಿ ಇಟ್ಟರು. ಉಳಿದವರು ಹಿಡಿದೇ ಇದ್ದರು. ಅವರು ಹಾಡಲಿಲ್ಲ, ಹೋಗಲೂ ಇಲ್ಲ, ಸುಮ್ಮನೆ ನಿಂತರು. ಒಂದು ನಿಮಿಷವಾಯಿತು. ಯಾರೋ ಕೆಮ್ಮಿದರು. ಗೆಳೆಯ ನನ್ನನ್ನೇ ನೋಡುತ್ತಿದ್ದ. ಆಮೇಲೆ ಏನನ್ನಿಸಿತೋ, ಕೌಂಟರ್ ಬಿಟ್ಟು ಬಂದು ಮೇಜಿನಿಂದ ಮೇಜಿಗೆ ಹೋಗಿ, "ಇಡ್ರಿ ಸರ, ಇಡ್ರಿ," ಎನ್ನುತ್ತ ಒಂದೊಂದು ಫೋನನ್ನೂ ಬೋರಲು ಹಾಕಿಸಿದ. ಕೊನೆಯದು ಆ ಹುಡುಗನದು. ಗೆಳೆಯ ಅವನ ಮುಂದೆ ನಿಂತೇ ಇದ್ದ. ಹುಡುಗ ಬಹಳ ತಡೆದು ಫೋನನ್ನು ಜೇಬಿಗೆ ಹಾಕಿಕೊಂಡ.

ಆಗ ಅವರು ಹಾಡಿದರು. ನಾಲ್ಕು ನುಡಿ ನನಗೆ ಗೊತ್ತಿದ್ದವು. ಐದನೆಯದು ಅವ್ವನಿಗೂ ಗೊತ್ತಿರಲಿಲ್ಲ.

ಎಲ್ಲಾ ಎಣಿಸಿ ಕಡೀಗೆ ಅಪ್ಪ ನನ್ನ ಹೆಸರ ಕೂಗ್ಯಾನ,
ಬಂದೀನಪ್ಪಾ ಅಂದ್ರೂ ಅಪ್ಪ ಮತ್ತ ಮತ್ತ ಕೂಗ್ಯಾನ.

ಅದನ್ನು ಎರಡು ಸಲ ಹಾಡಿ ನಿಲ್ಲಿಸಿದರು. ಹಿಂದಿನ ಮೇಜಿನಿಂದ ಚಪ್ಪಾಳೆ ಶುರುವಾಯಿತು. ಮುಂದಿನ ಹುಡುಗ ಚಪ್ಪಾಳೆ ತಟ್ಟಲಿಲ್ಲ. ತಲೆ ಬಗ್ಗಿಸಿ ಗ್ಲಾಸು ತಿರುಗಿಸುತ್ತ ಕುಳಿತಿದ್ದ. ಅವರು ಮೈಕನ್ನು ನನ್ನ ಕೈಗೆ ಕೊಡಲಿಲ್ಲ, ಸ್ಟ್ಯಾಂಡಿಗೆ ಸಿಕ್ಕಿಸಿ ಇಳಿದರು. ನಾನು ಮೆಟ್ಟಿಲವರೆಗೆ ಓಡಿ, ಕುರಿ ರೈಲಿಗೆ ಸಿಕ್ಕ ಆ ಸಂಜೆ ಏನಾಯಿತೆಂದು ಕೇಳಿದೆ.

"ಅಪ್ಪ ಬೈತಾನ ಅಂತ ನಾ ಹಳಿ ಬಾಜು ಅಡಗಿ ಕುಂತಿದ್ನಿ ರೀ," ಎಂದರು. "ನಾನೂ ರೈಲಿಗೆ ಸಿಕ್ಕೆ ಅಂತ ಆಂವ ತಿಳಕೊಂಡ. ಆಮ್ಯಾಲ ಎದರಿಗೆ ಬಂದು ನಿಂತ್ರೂ ಕೂಗೂದು ನಿಲ್ಲಿಸಲಿಲ್ಲ." ಇನ್ನೇನೂ ಹೇಳದೆ ಮಗಳ ಸ್ಕೂಟಿಯ ಹಿಂದೆ ಕುಳಿತು ಬಸ್ ನಿಲ್ದಾಣದ ಕಡೆ ಹೋದರು.

ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಹೋಗಿ ನನ್ನ ಪ್ರಬಂಧದಲ್ಲಿ ತಿದ್ದುಪಡಿ ಚೀಟಿ ಅಂಟಿಸಿ ಬಂದೆ. ಆ ಮೂರು ಪುಟಗಳನ್ನು ಹರಿಯುವಂತಿರಲಿಲ್ಲ, ಅವು ಹಾಗೇ ಇವೆ. ನಾನು ಕ್ಷಮೆ ಕೇಳಿದ್ದನ್ನು ಹಿಡಿದವರು ಯಾರಿಗೂ ಕಳಿಸಲಿಲ್ಲ, ಅವರು ಹಾಡುವಾಗ ಫೋನುಗಳೆಲ್ಲ ಕೆಳಗಿದ್ದವು. ಮೊದಲಿನ ವಿಡಿಯೊ ಇನ್ನೂ ಆಗೊಮ್ಮೆ ಈಗೊಮ್ಮೆ ಯಾರದೋ ಗುಂಪಿನಲ್ಲಿ ಬರುತ್ತದೆ. ಬಂದಾಗಲೆಲ್ಲ ಕಳಿಸಿದವರಿಗೆ ನಾನೇ ಫೋನ್ ಮಾಡಿ ನಡೆದದ್ದನ್ನು ಹೇಳುತ್ತೇನೆ. ಕೆಲವರು ಪೂರ್ತಿ ಕೇಳುತ್ತಾರೆ.

ಎರಡು ತಿಂಗಳು ಬಿಟ್ಟು ಅವರು ಮತ್ತೆ ಬಂದರು. ಈ ಸಲ ಮಗಳಿಗೆ ಡ್ಯೂಟಿ ಇತ್ತು, ಒಬ್ಬರೇ ಬಂದಿದ್ದರು. ಫಾರ್ಮು ಕೇಳಿದರು. ಅದನ್ನು ನಿಲ್ಲಿಸಿದ್ದೇವೆ ಎಂದರೆ ಒಪ್ಪಲಿಲ್ಲ. "ಕೊಡ್ರಿ, ಸಹಿ ಮಾಡಿನ ಹಾಡತೀನಿ," ಎಂದರು. ಹಳೆಯ ಫಾರ್ಮೊಂದು ಹುಡುಕಿ ಕೊಟ್ಟೆ. ಹೊಸ ಹಾಡು ಕಟ್ಟಿದ್ದರು: ಅವರ ಆಫೀಸಿಗೆ ಬಂದಿರುವ ಹಾಜರಿ ಯಂತ್ರಕ್ಕೆ ಅವರ ಸವೆದ ಹೆಬ್ಬೆರಳಿನ ಗುರುತು ಹತ್ತುವುದಿಲ್ಲ, ಎದುರಿಗೇ ನಿಂತಿದ್ದರೂ ನೀನು ಬಂದಿಲ್ಲ ಎನ್ನುತ್ತದೆ. ಹಾಡು ಸಾಧಾರಣವಾಗಿತ್ತು. ಎರಡನೆಯ ನುಡಿಯಲ್ಲಿ ತಾಳ ತಪ್ಪಿತು. ಜನ ಗೊಣಗುಟ್ಟಿದರು. ನಾನು ಕುಳಿತಲ್ಲೇ ಕುರ್ಚಿಯ ಕೈ ಹಿಡಿದುಕೊಂಡೆ. ಅವರು, "ತಡೀರಿ, ತಡೀರಿ," ಎಂದು ತೊಡೆಗೆ ತಾಳ ಹಾಕಿಕೊಂಡು ಮತ್ತೆ ಮೊದಲಿನಿಂದ ಶುರು ಮಾಡಿದರು. ಯಂತ್ರ 'ಬಂದಿಲ್ಲ' ಎನ್ನುವ ಕಡೆ ಜನ ನಗತೊಡಗಿದರು. ನಾಲ್ಕನೆಯ ನುಡಿಯ ಹೊತ್ತಿಗೆ ಅವರೂ ನಗುತ್ತ ಹಾಡುತ್ತಿದ್ದರು.